ಎನ್‌ಜಿಎಫ್ ಕೊಟ್ಟ ಕೋಶದಲ್ಲಿ ಕೊಲೆಸ್ಟ್ರಾಲ್ ಅಳೆಯುವವರು ಮೊದಲು ಛೇದವನ್ನು ನೋಡಿಕೊಳ್ಳಿ

ಪಿಸಿ12 ಎಂಬ ಹೆಗ್ಗಣದ ಗಡ್ಡೆಯ ಕೋಶಗಳಿಗೆ ಏಳು ದಿನ ನರ ಬೆಳವಣಿಗೆಯ ಅಂಶ, ಅಂದರೆ ಎನ್‌ಜಿಎಫ್ ಕೊಟ್ಟು, ಕೊಲೆಸ್ಟ್ರಾಲ್ ಅಳೆದು ನಾನು ಮೊದಲ ಸಲ ತಂದಿಟ್ಟ ಗ್ರಾಫಿನಲ್ಲಿ ಎರಡೇ ಕಂಬಗಳಿದ್ದವು. ಎನ್‌ಜಿಎಫ್ ಇಲ್ಲದ ಕಂಬ ಎತ್ತರ, ಇರುವ ಕಂಬ ಅದರ ಅರ್ಧ. "ಎನ್‌ಜಿಎಫ್ ಕೊಲೆಸ್ಟ್ರಾಲನ್ನು ಇಳಿಸುತ್ತದೆ ಮೇಡಂ" ಎಂದೆ. ನನ್ನ ಮಾರ್ಗದರ್ಶಕಿ ಹಾಳೆಯನ್ನು ಒಮ್ಮೆ ನೋಡಿ, "ಯಾವುದರಿಂದ ಭಾಗಿಸಿದ್ದೀಯ?" ಎಂದು ಕೇಳಿದರು. ನಾನು ಯಾವುದರಿಂದಲೂ ಭಾಗಿಸಿರಲಿಲ್ಲ. ಕೋಶ ಬೆಳೆಸುವ ತಟ್ಟೆಯ ಒಂದು ಗುಳಿಯಲ್ಲಿ ಸಿಕ್ಕಿದ್ದನ್ನು ಇನ್ನೊಂದು ಗುಳಿಯಲ್ಲಿ ಸಿಕ್ಕಿದ್ದರ ಪಕ್ಕ ನಿಲ್ಲಿಸಿದ್ದೆ, ಅಷ್ಟೆ.

ಎನ್‌ಜಿಎಫ್ ಸಿಕ್ಕ ಪಿಸಿ12 ಕೋಶಗಳು ಕೆಲವು ದಿನಗಳಲ್ಲಿ ವಿಭಜನೆಯನ್ನು ನಿಲ್ಲಿಸುತ್ತವೆ. ಸಿಗದವು ಒಂದು ಎರಡಾಗಿ, ಎರಡು ನಾಲ್ಕಾಗಿ ಹೆಚ್ಚುತ್ತಲೇ ಹೋಗುತ್ತವೆ. ವಾರದ ಕೊನೆಗೆ ನಾನು ಅಳೆದದ್ದು ಕೊಲೆಸ್ಟ್ರಾಲನ್ನಲ್ಲ, ತಲೆ ಎಣಿಕೆಯನ್ನು. ಅದೇ ಅಂಕಿಗಳನ್ನು ಡಿಎನ್‌ಎಯಿಂದ ಭಾಗಿಸಿದಾಗ ಎನ್‌ಜಿಎಫ್ ಕಂಬ ಎದ್ದು ನಿಂತಿತು. ಪ್ರೋಟೀನಿನಿಂದ ಭಾಗಿಸಿದಾಗ ಎರಡೂ ಹೆಚ್ಚುಕಡಿಮೆ ಸಮನಾದವು. ಗುಳಿಯ ಲೆಕ್ಕದಲ್ಲಿ ಇಳಿಕೆ, ಕೋಶದ ಲೆಕ್ಕದಲ್ಲಿ ಏರಿಕೆ, ಪ್ರೋಟೀನಿನ ಲೆಕ್ಕದಲ್ಲಿ ಬದಲಾವಣೆಯೇ ಇಲ್ಲ. ಮೂರೂ ನಿಜವೇ, ಕೇಳಿದ ಪ್ರಶ್ನೆ ಮಾತ್ರ ಬೇರೆ ಬೇರೆ. ಎನ್‌ಜಿಎಫ್ ಕೋಶವನ್ನು ದೊಡ್ಡದು ಮಾಡುತ್ತದೆ, ಉದ್ದನೆಯ ಎಳೆಗಳನ್ನು ಹೊರಡಿಸುತ್ತದೆ, ಆ ಎಳೆಗಳಿಗೆ ಸುತ್ತಲೂ ಪೊರೆ ಬೇಕು, ಪೊರೆಗೆ ಕೊಲೆಸ್ಟ್ರಾಲ್ ಬೇಕು. ಕೋಶ ದೊಡ್ಡದಾದದ್ದಕ್ಕೆ ತಕ್ಕಷ್ಟೇ ಕೊಲೆಸ್ಟ್ರಾಲ್ ಹೆಚ್ಚಿತೋ, ಅದಕ್ಕಿಂತ ಹೆಚ್ಚು ಹೆಚ್ಚಿತೋ ಎಂಬುದೇ ನಿಜವಾದ ಪ್ರಶ್ನೆ. ಈ ಬರಹದ ಉದ್ದಕ್ಕೂ ನಾನು ಅದನ್ನೇ ಬೆನ್ನು ಹತ್ತುತ್ತೇನೆ.

ಎರಡು ಬಾಗಿಲು, ನಾಲ್ಕು ಕೊಳವೆ

ಎನ್‌ಜಿಎಫ್ ಇತಿಹಾಸವನ್ನು ಎರಡೇ ಮಾತಿನಲ್ಲಿ ಮುಗಿಸುತ್ತೇನೆ. ರೀಟಾ ಲೆವಿ-ಮೊಂಟಾಲ್ಚಿನಿ ಇಲಿಯ ಗಡ್ಡೆಯ ತುಣುಕೊಂದರ ಸುತ್ತ ಕೋಳಿಭ್ರೂಣದ ನರಗಳು ಸೂರ್ಯಕಿರಣದಂತೆ ಹೊರಚಾಚುವುದನ್ನು ಕಂಡರು. ಸ್ಟ್ಯಾನ್ಲಿ ಕೊಹೆನ್ ಅದಕ್ಕೆ ಕಾರಣವಾದ ಪ್ರೋಟೀನನ್ನು ಮೊದಲು ಹಾವಿನ ವಿಷದಿಂದ, ಆಮೇಲೆ ಗಂಡು ಇಲಿಯ ಜೊಲ್ಲುಗ್ರಂಥಿಯಿಂದ ಬೇರ್ಪಡಿಸಿದರು. ಇಬ್ಬರಿಗೂ 1986ರಲ್ಲಿ ನೊಬೆಲ್ ಬಂದಿತು. ನಾವು ಬಳಸುವ ಪಿಸಿ12 ಕೋಶಗಳು ಹೆಗ್ಗಣದ ಅಡ್ರಿನಲ್ ಗ್ರಂಥಿಯ ಗಡ್ಡೆಯಿಂದ ಬಂದವು. 1976ರಲ್ಲಿ ಲಾಯ್ಡ್ ಗ್ರೀನ್ ಮತ್ತು ಆರ್ಥರ್ ಟಿಶ್ಲರ್ ಅವನ್ನು ಪರಿಚಯಿಸಿದರು.

ಕೋಶದ ಮೇಲೆ ಎನ್‌ಜಿಎಫ್‌ಗೆ ಎರಡು ಬಾಗಿಲುಗಳಿವೆ. ಟ್ರ್ಕ್‌ಎ ಎಂಬ ಗ್ರಾಹಕ ತಾನೇ ಒಂದು ಕಿಣ್ವ. ಅದು ತೆರೆದರೆ ರಾಸ್-ಇಆರ್‌ಕೆ, ಪಿಐ3ಕೆ-ಎಕೆಟಿ, ಪಿಎಲ್‌ಸಿ-ಗಾಮಾ ಎಂಬ ಮೂರು ಹಾದಿಗಳಲ್ಲಿ ಸುದ್ದಿ ಹರಿಯುತ್ತದೆ. ಇನ್ನೊಂದು ಪಿ75. ಇದು ಕಿಣ್ವವಲ್ಲ, ಜೊತೆಗಾರರನ್ನು ನೋಡಿಕೊಂಡು ಬಣ್ಣ ಬದಲಿಸುತ್ತದೆ. ಟ್ರ್ಕ್‌ಎ ಜೊತೆಗಿದ್ದರೆ ಬದುಕಿಗೆ ನೆರವು, ಸಾರ್ಟಿಲಿನ್ ಎಂಬ ಇನ್ನೊಂದು ಪ್ರೋಟೀನಿನ ಜೊತೆಗೂಡಿ ಕತ್ತರಿಸದ ಪ್ರೊ-ಎನ್‌ಜಿಎಫ್ ಹಿಡಿದರೆ ಸಾವಿನ ಕಡೆಗೆ ದಾರಿ. ಕೊಲೆಸ್ಟ್ರಾಲ್ ವಿಷಯದಲ್ಲಿ ಟ್ರ್ಕ್‌ಎಯನ್ನೇ ನೋಡುತ್ತ ಪಿ75 ಅನ್ನು ಮರೆಯುವವರೇ ಹೆಚ್ಚು. ಆದರೆ ಪಿಸಿ12 ಕೋಶಗಳಲ್ಲಿ ಕೊಲೆಸ್ಟ್ರಾಲ್ ತಯಾರಿಕೆಯ ಕಿಣ್ವಗಳ ಜೀನ್‌ಗಳು ಪಿ75 ಇರುವಿಕೆಯನ್ನು ಅನುಸರಿಸಿ ಏರಿಳಿಯುತ್ತವೆ. ಯಕೃತ್ತಿನ ಕೋಶಗಳಲ್ಲೂ ಪಿ75 ಮೂಲಕ ಎಸ್‌ಆರ್‌ಇಬಿಪಿ-2 ಎಂಬ ಜೀನ್ ಎಬ್ಬಿಸುವ ಪ್ರೋಟೀನು ಎಚ್ಚರಗೊಂಡು, ಕೊಲೆಸ್ಟ್ರಾಲ್ ಹೊತ್ತ ಎಲ್‌ಡಿಎಲ್ ಕಣಗಳನ್ನು ಹಿಡಿಯುವ ಗ್ರಾಹಕ ಹೆಚ್ಚುವುದನ್ನು ತೋರಿಸಲಾಗಿದೆ. ಹಾಗಾಗಿ ಇದು ನರಕೋಶಕ್ಕೆ ಮಾತ್ರ ಸೇರಿದ ಕಥೆಯಲ್ಲ.

ಇನ್ನು ಕೊಲೆಸ್ಟ್ರಾಲ್. ಕೋಶವನ್ನು ಒಂದು ತೊಟ್ಟಿ ಎಂದುಕೊಳ್ಳಿ. ಎರಡು ಕೊಳವೆಗಳಿಂದ ಒಳಗೆ ಬರುತ್ತದೆ: ತಾನೇ ತಯಾರಿಸಿಕೊಂಡದ್ದು, ಎಲ್‌ಡಿಎಲ್ ಗ್ರಾಹಕದ ಮೂಲಕ ಹೊರಗಿನಿಂದ ಎಳೆದುಕೊಂಡದ್ದು. ಎರಡು ಕೊಳವೆಗಳಿಂದ ಕಡಿಮೆಯಾಗುತ್ತದೆ: ಎಬಿಸಿಎ1 ಎಂಬ ಪೊರೆಯ ಪ್ರೋಟೀನಿನ ಮೂಲಕ ಹೊರಗೆ ಹೋಗುವುದು, ಕೊಬ್ಬಿನಾಮ್ಲದ ಜೊತೆ ಕಟ್ಟಿಕೊಂಡು ಎಸ್ಟರ್ ಆಗಿ ಕೊಬ್ಬಿನ ಹನಿಗಳಲ್ಲಿ ಕೂಡಿಟ್ಟುಕೊಳ್ಳುವುದು. ತೊಟ್ಟಿಯ ಮಟ್ಟ ಏರಿತು ಎಂದು ಮಾತ್ರ ಅಳೆದರೆ ಯಾವ ಕೊಳವೆಯನ್ನು ಎನ್‌ಜಿಎಫ್ ತಿರುಗಿಸಿತು ಎಂಬುದು ತಿಳಿಯುವುದಿಲ್ಲ. ಮಟ್ಟ ಏರಲೇ ಇಲ್ಲ ಎಂದರೂ ಕೊಳವೆಗಳು ತಿರುಗಿಲ್ಲ ಎಂದೇನಲ್ಲ. ಒಳಗೆ ಬರುವುದೂ ಹೊರಗೆ ಹೋಗುವುದೂ ಒಟ್ಟಿಗೆ ಹೆಚ್ಚಿರಬಹುದು.

ಒಳಹರಿವಿನ ಯಜಮಾನ ಎಸ್‌ಆರ್‌ಇಬಿಪಿ-2. ಎಂಡೋಪ್ಲಾಸ್ಮಿಕ್ ಜಾಲದ ಪೊರೆಯಲ್ಲಿ ಕೊಲೆಸ್ಟ್ರಾಲ್ ಒಟ್ಟು ಲಿಪಿಡ್‌ನ ಸುಮಾರು 5 ಶೇಕಡಾಕ್ಕಿಂತ ಕೆಳಗಿಳಿದರೆ ಎಸ್‌ಆರ್‌ಇಬಿಪಿ-2 ಸ್ಕ್ಯಾಪ್ ಪ್ರೋಟೀನಿನ ಕೈಹಿಡಿದು ಗಾಲ್ಗಿಗೆ ಹೋಗುತ್ತದೆ, ಅಲ್ಲಿ ಎರಡು ಕಡೆ ಕತ್ತರಿಸಿಕೊಳ್ಳುತ್ತದೆ, ತುಂಡು ಕೋಶಕೇಂದ್ರ ಸೇರಿ ತಯಾರಿಕೆಯ ಜೀನ್‌ಗಳನ್ನೂ ಎಲ್‌ಡಿಎಲ್ ಗ್ರಾಹಕದ ಜೀನನ್ನೂ ಒಟ್ಟಿಗೆ ಎಬ್ಬಿಸುತ್ತದೆ. ಈ ಲೆಕ್ಕಾಚಾರದ ಮೊದಲ ಭಾಗವನ್ನು ಬಿಡಿಸಿದ ಬ್ರೌನ್ ಮತ್ತು ಗೋಲ್ಡ್‌ಸ್ಟೈನ್ 1985ರಲ್ಲಿ ನೊಬೆಲ್ ಪಡೆದರು, ಎನ್‌ಜಿಎಫ್‌ನವರಿಗಿಂತ ಸರಿಯಾಗಿ ಒಂದು ವರ್ಷ ಮೊದಲು. ಬೆನ್ನುಬೆನ್ನಿಗೆ ಬಂದ ಆ ಎರಡು ಪ್ರಶಸ್ತಿಗಳ ನಡುವಿನ ಓಣಿಯಲ್ಲೇ ನನ್ನ ಪ್ರಬಂಧ ಇತ್ತು.

ಕೋಶಗಳನ್ನು ಸಿದ್ಧಪಡಿಸುವುದು

ಪಿಸಿ12 ಕೋಶಗಳಿಗೆ ಗುಂಪು ಕಟ್ಟುವ ಚಟ. ಗುಂಪಾದರೆ ಒಳಗಿನವಕ್ಕೆ ಎನ್‌ಜಿಎಫ್ ತಲುಪುವುದಿಲ್ಲ, ಎಣಿಕೆ ಸರಿಯಾಗುವುದಿಲ್ಲ, ಬಣ್ಣ ಹಾಕಿದರೆ ಗುಂಪಿನ ನಡುವೆಲ್ಲ ಬರೀ ಹೊಳಪು. ಟ್ರಿಪ್ಸಿನ್ ಬೇಡ, ಮಾಧ್ಯಮವನ್ನು ಪಿಪೆಟ್‌ನಿಂದ ಹೊಡೆದು ಎಬ್ಬಿಸಿ, ಆಮೇಲೆ 22 ಗೇಜಿನ ಸೂಜಿಯಲ್ಲಿ ನಾಲ್ಕೈದು ಸಲ ನಿಧಾನವಾಗಿ ಎಳೆದು ಬಿಡಿ. ತಳಕ್ಕೆ ಕೊಲಾಜನ್ ಬಳಿದಿರಲಿ. ಬೆಳೆಸುವಾಗ ಆರ್‌ಪಿಎಂಐ 1640 ಮಾಧ್ಯಮ, 10 ಶೇಕಡಾ ಕುದುರೆ ಸೀರಮ್, 5 ಶೇಕಡಾ ಕರುಭ್ರೂಣದ ಸೀರಮ್. ಎನ್‌ಜಿಎಫ್ ಕೊಡುವಾಗ ಸಾಮಾನ್ಯವಾಗಿ ಕುದುರೆ ಸೀರಮ್ ಅನ್ನು 1 ಶೇಕಡಾಕ್ಕೆ ಇಳಿಸುತ್ತಾರೆ.

ಎನ್‌ಜಿಎಫ್ ಪ್ರಮಾಣ ಒಂದು ಮಿಲಿಲೀಟರಿಗೆ 50ರಿಂದ 100 ನ್ಯಾನೋಗ್ರಾಂ. ಇಷ್ಟು ತೆಳುವಾಗಿರುವಾಗ ಪ್ರೋಟೀನು ಪ್ಲಾಸ್ಟಿಕ್ಕಿಗೆ ಅಂಟಿ ಮಾಯವಾಗುತ್ತದೆ. ಆದ್ದರಿಂದ 0.1 ಶೇಕಡಾ ಅಲ್ಬುಮಿನ್ ಇರುವ ದ್ರಾವಣದಲ್ಲಿ ಕರಗಿಸಿ, ಒಂದೊಂದು ಸಲಕ್ಕೆ ಬೇಕಾದಷ್ಟು ಸಣ್ಣ ಕೊಳವೆಗಳಿಗೆ ಹಂಚಿ, ಮೈನಸ್ 80 ಡಿಗ್ರಿಯಲ್ಲಿಡಿ. ಒಮ್ಮೆ ಕರಗಿದ್ದನ್ನು ಮತ್ತೆ ಹೆಪ್ಪುಗಟ್ಟಿಸಬೇಡಿ. ನಿಯಂತ್ರಣ ಗುಳಿಗಳಿಗೆ ಅಷ್ಟೇ ಅಲ್ಬುಮಿನ್ ಹಾಕಲು ಮರೆಯಬೇಡಿ. ಅಲ್ಬುಮಿನ್ ಕೊಬ್ಬಿನಾಮ್ಲಗಳನ್ನು ಹೊತ್ತು ತಿರುಗುವ ಪ್ರೋಟೀನು, ಲಿಪಿಡ್ ಪ್ರಯೋಗದಲ್ಲಿ ಅದು ಬರೀ ಪ್ರೇಕ್ಷಕನಲ್ಲ. ಎರಡು ಮೂರು ದಿನಕ್ಕೊಮ್ಮೆ ಮಾಧ್ಯಮ ಬದಲಿಸಿ.

ಎಳೆಗಳು ಬರುವುದನ್ನು ಕಾಯುವ ಮೊದಲು ಎನ್‌ಜಿಎಫ್ ಜೀವಂತವಾಗಿದೆಯೇ ಎಂದು ನೋಡಿಕೊಳ್ಳಿ. ಐದು ನಿಮಿಷಕ್ಕೆ ಒಂದು ಮಾದರಿ, ಒಂದು ಗಂಟೆಗೆ ಇನ್ನೊಂದು; ಎರಡರಲ್ಲೂ ಫಾಸ್ಫೇಟ್ ಸೇರಿದ ಇಆರ್‌ಕೆ ಇರಬೇಕು. ಪಕ್ಕದಲ್ಲಿ ಇಜಿಎಫ್ ಎಂಬ ಇನ್ನೊಂದು ಬೆಳವಣಿಗೆಯ ಅಂಶ ಕೊಟ್ಟ ಗುಳಿಯೊಂದು ಇರಲಿ. ಇಜಿಎಫ್ ಕೂಡ ಇಆರ್‌ಕೆಯನ್ನು ಎಬ್ಬಿಸುತ್ತದೆ, ಆದರೆ ಅದು ಬೇಗ ಮಲಗಿಬಿಡುತ್ತದೆ. ಎನ್‌ಜಿಎಫ್‌ನದು ಗಂಟೆಗಟ್ಟಲೆ ನಿಲ್ಲುತ್ತದೆ. ಒಂದೇ ಕೋಶ, ಒಂದೇ ಹಾದಿ. ಇಜಿಎಫ್ ಸಿಕ್ಕರೆ ವಿಭಜನೆ, ಎನ್‌ಜಿಎಫ್ ಸಿಕ್ಕರೆ ನರಕೋಶದ ರೂಪ. ಕೊಲೆಸ್ಟ್ರಾಲ್ ಬದಲಾವಣೆ ಯಾವುದೇ ಬೆಳವಣಿಗೆಯ ಅಂಶಕ್ಕೂ ಬರುವಂಥದ್ದೋ, ಎನ್‌ಜಿಎಫ್‌ಗೇ ವಿಶೇಷವೋ ಎಂದು ಕೇಳಲು ಇಜಿಎಫ್‌ಗಿಂತ ಅಗ್ಗದ ಸಾಕ್ಷಿ ಇಲ್ಲ.

ಸೀರಮ್ ಎಂಬ ಮೋಸಗಾರ

ಸೀರಮ್ ತುಂಬ ಲಿಪೋಪ್ರೋಟೀನು, ಅಂದರೆ ಎಲ್‌ಡಿಎಲ್‌ನಂಥ ಕೊಲೆಸ್ಟ್ರಾಲ್ ಹೊತ್ತ ಕಣಗಳು ಇರುತ್ತವೆ. ಅದರಲ್ಲಿ ಮುಳುಗಿರುವ ಕೋಶಕ್ಕೆ ಕೊಲೆಸ್ಟ್ರಾಲ್ ತಯಾರಿಸುವ ಗರಜೇ ಇಲ್ಲ, ಎಸ್‌ಆರ್‌ಇಬಿಪಿ-2 ನಿದ್ದೆಯಲ್ಲಿರುತ್ತದೆ. ಆಗ ಎನ್‌ಜಿಎಫ್ ಏನು ಮಾಡಿದರೂ ನಿಮಗೆ ಕಾಣುವುದು ಕಡಿಮೆ. ನಾನು ಮೂರು ತಿಂಗಳು ಏರಿಳಿಯುವ ಫಲಿತಾಂಶದ ಹಿಂದೆ ಓಡಿದೆ. ಕೊನೆಗೆ ತಿಳಿದದ್ದು, ನಡುವೆ ಸೀರಮ್ ಬಾಟಲಿ ಬದಲಾಗಿತ್ತು, ಲಾಟ್ ಸಂಖ್ಯೆಯನ್ನು ನಾನು ಬರೆದಿಟ್ಟುಕೊಂಡಿರಲಿಲ್ಲ. ಎರಡು ಬಾಟಲಿಗಳಲ್ಲೂ ಕೊಲೆಸ್ಟ್ರಾಲ್ ಅಳೆದು ನೋಡಿದ ಆ ಮಧ್ಯಾಹ್ನ ನಾನು ಊಟ ಮಾಡಲಿಲ್ಲ.

ಹಾಗೆಂದು ಸೀರಮ್ ಅನ್ನು ಪೂರ್ತಿ ತೆಗೆದುಹಾಕಿದರೆ ಇನ್ನೊಂದು ಗುಂಡಿ. ಸೀರಮ್ ಇಲ್ಲದ ಪಿಸಿ12 ಕೋಶಗಳು ಸಾಯತೊಡಗುತ್ತವೆ. ಎನ್‌ಜಿಎಫ್ ಅವನ್ನು ಉಳಿಸುತ್ತದೆ. ಆಗ ನೀವು ಹೋಲಿಸುವುದು ಎನ್‌ಜಿಎಫ್ ಇರುವ ಮತ್ತು ಇಲ್ಲದ ಕೋಶಗಳನ್ನಲ್ಲ, ಬದುಕಿದವನ್ನು ಸಾಯುತ್ತಿರುವವುಗಳ ಜೊತೆ. ದಾರಿ ಇರುವುದು ನಡುವೆ: ಲಿಪೋಪ್ರೋಟೀನು ತೆಗೆದ ಸೀರಮ್. ಸೀರಮ್‌ನ ಸಾಂದ್ರತೆಯನ್ನು ಉಪ್ಪಿನಿಂದ 1.21ಕ್ಕೆ ಏರಿಸಿ ಅಲ್ಟ್ರಾಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿದರೆ ಲಿಪೋಪ್ರೋಟೀನುಗಳು ಮೇಲೆ ತೇಲುತ್ತವೆ, ಕೆಳಗಿನದನ್ನು ಡಯಾಲಿಸಿಸ್ ಮಾಡಿ ಬಳಸಬಹುದು; ಸಿದ್ಧವಾಗಿಯೂ ಸಿಗುತ್ತದೆ. ಒಂದು ಸಾಲು ಗುಳಿಗಳಿಗೆ ಇದಕ್ಕೇ ಗೊತ್ತಾದ ಪ್ರಮಾಣದ ಎಲ್‌ಡಿಎಲ್ ಮರಳಿ ಸೇರಿಸಿ. ಎನ್‌ಜಿಎಫ್ ಎಳೆಗಳನ್ನು ಹೊರಡಿಸುವಾಗ ಕೋಶ ತನ್ನ ತಯಾರಿಕೆಯನ್ನು ನೆಚ್ಚಿಕೊಂಡಿದೆಯೋ, ಹೊರಗಿನ ಎರವಲನ್ನೋ ಎಂಬುದು ಈ ಎರಡು ಸಾಲುಗಳ ನಡುವಿನ ವ್ಯತ್ಯಾಸದಲ್ಲೇ ಕಾಣುತ್ತದೆ. ಪ್ರತಿ ಸಲ ಸತ್ತ ಕೋಶಗಳನ್ನೂ ಎಣಿಸಿ.

ಅಳತೆ

ಕೋಶಗಳನ್ನು ಎರಡು ಸಲ ತೊಳೆದು, ಹೆಕ್ಸೇನ್ ಮತ್ತು ಐಸೊಪ್ರೊಪನಾಲ್ 3:2 ಮಿಶ್ರಣವನ್ನು ಹಾಕಿ ಲಿಪಿಡ್ ಎಳೆದುಕೊಳ್ಳಿ, ಗಾಜಿನ ಕೊಳವೆಗೆ ವರ್ಗಾಯಿಸಿ. ಈ ಮಿಶ್ರಣದ ದೊಡ್ಡ ಅನುಕೂಲವೆಂದರೆ ಪ್ರೋಟೀನು ಗುಳಿಯ ತಳದಲ್ಲೇ ಅಂಟಿ ಉಳಿಯುತ್ತದೆ, 0.1 ನಾರ್ಮಲ್ ಸೋಡಿಯಂ ಹೈಡ್ರಾಕ್ಸೈಡ್‌ನಲ್ಲಿ ಕರಗಿಸಿ ಅದೇ ಗುಳಿಯ ಪ್ರೋಟೀನನ್ನು ಅಳೆಯಬಹುದು. ಕ್ಲೋರೋಫಾರಂ-ಮೆಥನಾಲ್ ವಿಧಾನವೂ ಒಳ್ಳೆಯದೇ, ಆದರೆ ಕೋಶಗಳನ್ನು ಮೊದಲು ಗಾಜಿಗೆ ತೆಗೆದುಕೊಂಡು ಮಾಡಬೇಕು. ನಮ್ಮ ಪಕ್ಕದ ಮೇಜಿನ ಹುಡುಗ ಕ್ಲೋರೋಫಾರಂ ಅನ್ನು ನೇರವಾಗಿ ಪ್ಲಾಸ್ಟಿಕ್ ತಟ್ಟೆಗೆ ಸುರಿದ. ತಟ್ಟೆಯೇ ಕರಗಿತು.

ಡಿಎನ್‌ಎಗೆ ಈ ಗುಳಿಗಳು ಒದಗುವುದಿಲ್ಲ. ಕ್ಷಾರದಲ್ಲಿ ಡಿಎನ್‌ಎಯ ಜೋಡಿ ಎಳೆ ಬಿಚ್ಚಿಕೊಳ್ಳುತ್ತದೆ, ಜೋಡಿ ಎಳೆಗೆ ಅಂಟುವ ಬಣ್ಣಗಳು ಆಗ ಸುಳ್ಳು ಹೇಳುತ್ತವೆ. ಪ್ರತಿ ಗುಂಪಿಗೂ ಅದೇ ದಿನ, ಅದೇ ಸಂಖ್ಯೆಯಲ್ಲಿ ಬಿತ್ತಿದ ಅವಳಿ ಗುಳಿಗಳನ್ನು ಮೀಸಲಿಡಿ.

ಲಿಪಿಡ್ ಒಣಗಿಸಿ, ಡಿಟರ್ಜೆಂಟ್ ಇರುವ ಬಫರ್‌ನಲ್ಲಿ ಕರಗಿಸಿ, ಕೊಲೆಸ್ಟ್ರಾಲ್ ಆಕ್ಸಿಡೇಸ್ ಕಿಣ್ವದ ಪ್ರತಿದೀಪ್ತಿ ವಿಧಾನದಿಂದ ಅಳೆಯಿರಿ. ಕಿಣ್ವ ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟಿಸುತ್ತದೆ, ಆ ಪೆರಾಕ್ಸೈಡ್ ಆಂಪ್ಲೆಕ್ಸ್ ರೆಡ್ ಎಂಬ ರಾಸಾಯನಿಕವನ್ನು ಹೊಳೆಯುವಂತೆ ಮಾಡುತ್ತದೆ. ಎಸ್ಟರೇಸ್ ಸೇರಿಸಿ ಒಮ್ಮೆ, ಸೇರಿಸದೆ ಒಮ್ಮೆ ಮಾಡಿದರೆ ಒಟ್ಟು ಎಷ್ಟು, ಮುಕ್ತವಾದದ್ದು ಎಷ್ಟು ಎಂದು ತಿಳಿಯುತ್ತದೆ, ಕಳೆದರೆ ಎಸ್ಟರ್. ಎರಡು ಎಚ್ಚರಿಕೆಗಳು. ಪೆರಾಕ್ಸೈಡ್ ಅತಿಯಾದರೆ ಹೊಳಪು ಏರುವ ಬದಲು ಇಳಿಯುತ್ತದೆ, ಆದ್ದರಿಂದ ಮಾದರಿಯನ್ನು ಎರಡು ಮೂರು ಪಟ್ಟು ತೆಳುಗೊಳಿಸಿಯೂ ಓದಿ. ಇನ್ನೊಂದು, ಈ ಕಿಣ್ವಕ್ಕೆ ಕೊಲೆಸ್ಟ್ರಾಲ್ ಮತ್ತು ಅದರ ಹತ್ತಿರದ ನೆಂಟರ ನಡುವೆ ವ್ಯತ್ಯಾಸ ಕಾಣುವುದಿಲ್ಲ. ಡೆಸ್ಮೋಸ್ಟೆರಾಲ್, 7-ಡಿಹೈಡ್ರೊಕೊಲೆಸ್ಟ್ರಾಲ್ ಎಲ್ಲವೂ ಅದಕ್ಕೆ ಒಂದೇ. ತಯಾರಿಕೆಯ ಹಾದಿ ವೇಗ ಹೆಚ್ಚಿಸಿಕೊಂಡಾಗ ಮಧ್ಯದ ಸ್ಟೆರಾಲ್‌ಗಳು ಶೇಖರವಾಗಬಹುದು. ನಿಮ್ಮ ತೀರ್ಮಾನ ಅದರ ಮೇಲೆ ನಿಂತಿದ್ದರೆ ಮಾಸ್ ಸ್ಪೆಕ್ಟ್ರೋಮೀಟರ್ ಬಳಿಗೆ ಹೋಗಲೇಬೇಕು.

ಕೊಲೆಸ್ಟ್ರಾಲ್ ಕೋಶದಲ್ಲಿ ಎಲ್ಲಿದೆ ಎಂದು ನೋಡಲು ಫಿಲಿಪಿನ್ ಎಂಬ ಬಣ್ಣ. ಇದು ಮುಕ್ತ ಕೊಲೆಸ್ಟ್ರಾಲ್‌ಗೆ ಅಂಟಿ ಅತಿನೇರಳೆ ಬೆಳಕಿನಲ್ಲಿ ನೀಲಿಯಾಗಿ ಹೊಳೆಯುತ್ತದೆ. ಪ್ಯಾರಾಫಾರ್ಮಾಲ್ಡಿಹೈಡ್‌ನಲ್ಲಿ ಸ್ಥಿರಗೊಳಿಸಿ, ಟ್ರೈಟಾನ್, ಮೆಥನಾಲ್ ಹತ್ತಿರ ಬರಬಾರದು, ನೀವು ನೋಡಬೇಕೆಂದಿರುವುದನ್ನೇ ಅವು ತೊಳೆದುಹಾಕುತ್ತವೆ. ಹೊಳಪು ಕಣ್ಣೆದುರೇ ಮಾಸುತ್ತದೆ. ಬೇರೆ ಬಣ್ಣದಲ್ಲಿ ಜಾಗ ಹುಡುಕಿ, ಫೋಕಸ್ ಮಾಡಿ, ಆಮೇಲೆ ಮಾತ್ರ ಅತಿನೇರಳೆ ಬೆಳಕು ತೆರೆಯಿರಿ. ಯು18666ಎ ಎಂಬ ರಾಸಾಯನಿಕ ಕೊಟ್ಟ ಒಂದು ಗುಳಿ ಇಡಿ. ಅದರಲ್ಲಿ ಕೊಲೆಸ್ಟ್ರಾಲ್ ಲೈಸೋಸೋಮ್‌ಗಳಲ್ಲಿ ಸಿಕ್ಕಿಹಾಕಿಕೊಂಡು ಚುಕ್ಕೆಚುಕ್ಕೆಯಾಗಿ ಕಾಣುತ್ತದೆ. ಆ ಚುಕ್ಕೆಗಳು ಕಾಣದಿದ್ದರೆ ನಿಮ್ಮ ಬಣ್ಣವೇ ಸರಿಯಿಲ್ಲ.

ತೊಟ್ಟಿಯ ಕೊಳವೆಗಳಿಗೆ ಬನ್ನಿ. ತಯಾರಿಕೆಗೆ ಗುರುತು ಹಚ್ಚಿದ ಅಸಿಟೇಟ್, ಎರವಲಿಗೆ ಡಿಐಐ ಬಣ್ಣ ಹಾಕಿದ ಎಲ್‌ಡಿಎಲ್, ಹೊರಹರಿವಿಗೆ ಎಪಿಒಎ-1 ಎಂಬ ಕೊಲೆಸ್ಟ್ರಾಲ್ ಹೊರುವ ಪ್ರೋಟೀನಿಗೆ ಎಷ್ಟು ಸೋರಿತು ಎಂಬ ಅಳತೆ. ಆರ್‌ಎನ್‌ಎ ಮಟ್ಟದಲ್ಲಿ ತಯಾರಿಕೆಯ ಎಚ್‌ಎಂಜಿಸಿಆರ್, ಎಸ್‌ಕ್ಯುಎಲ್‌ಇ, ಎಲ್‌ಡಿಎಲ್ ಗ್ರಾಹಕದ ಎಲ್‌ಡಿಎಲ್‌ಆರ್, ಹೊರಹರಿವಿನ ಎಬಿಸಿಎ1 ಜೀನ್‌ಗಳು ಸಾಕು. ಆದರೆ ಎಚ್‌ಎಂಜಿಸಿಆರ್ ಜೀನಿನಿಂದ ಬರುವ ಎಚ್‌ಎಂಜಿ-ಕೋಎ ರಿಡಕ್ಟೇಸ್ ಕಿಣ್ವವನ್ನು ಎಎಂಪಿಕೆ ಎಂಬ ಇನ್ನೊಂದು ಕಿಣ್ವ ಫಾಸ್ಫೇಟ್ ಹಚ್ಚಿ ಕೂರಿಸಿಬಿಡಬಲ್ಲದು. ಆರ್‌ಎನ್‌ಎ ಏರಿದೆ ಎಂದ ಮಾತ್ರಕ್ಕೆ ಕೊಲೆಸ್ಟ್ರಾಲ್ ಹರಿಯುತ್ತಿದೆ ಎಂದು ಬರೆಯಬೇಡಿ.

ಇಲ್ಲಿಯೂ ಛೇದದ ಭೂತ ಮತ್ತೆ ಬರುತ್ತದೆ. ಆರ್‌ಎನ್‌ಎ ಅಳತೆಯನ್ನು ಭಾಗಿಸಲು ಎಲ್ಲರೂ ಕಣ್ಣುಮುಚ್ಚಿ ಬಳಸುವ ಆಧಾರ ಜೀನ್‌ಗಳು ಎರಡು: ಜಿಎಪಿಡಿಎಚ್ ಮತ್ತು ಬೀಟಾ ಆಕ್ಟಿನ್. ಮೊದಲನೆಯದು ಗ್ಲೂಕೋಸ್ ಒಡೆಯುವ ಹಾದಿಯದ್ದೇ ಕಿಣ್ವ, ಎರಡನೆಯದು ಎಳೆ ಕಟ್ಟುವ ಇಟ್ಟಿಗೆ. ಚಯಾಪಚಯವನ್ನೂ ಎಳೆಗಳನ್ನೂ ಬದಲಿಸುವ ಎನ್‌ಜಿಎಫ್ ಪ್ರಯೋಗಕ್ಕೆ ಇವನ್ನು ಆಧಾರವಾಗಿಟ್ಟುಕೊಳ್ಳುವುದು ಅಲ್ಲಾಡುವ ಕಂಬಕ್ಕೆ ಹಸು ಕಟ್ಟಿದಂತೆ. ನಾಲ್ಕೈದು ಜೀನ್‌ಗಳನ್ನು ಪರೀಕ್ಷಿಸಿ, ಅಲುಗದ ಎರಡನ್ನು ಆರಿಸಿಕೊಳ್ಳಿ.

ಸ್ಟ್ಯಾಟಿನ್ ಹಾಕಿ ಗೆದ್ದೆ ಎನ್ನುವ ಮೊದಲು

ಎನ್‌ಜಿಎಫ್‌ನ ಎಳೆಗಳಿಗೆ ಹೊಸ ಕೊಲೆಸ್ಟ್ರಾಲ್ ಬೇಕು ಎಂದು ತೋರಿಸಲು ಎಲ್ಲರಿಗೂ ಮೊದಲು ಹೊಳೆಯುವುದು ಕೊಲೆಸ್ಟ್ರಾಲ್ ಇಳಿಸುವ ಔಷಧಿಯಾದ ಸ್ಟ್ಯಾಟಿನ್. ಸ್ಟ್ಯಾಟಿನ್ ಕೊಲೆಸ್ಟ್ರಾಲ್ ಹಾದಿಯ ಮೊದಲ ಹಂತಗಳಲ್ಲಿ ಬರುವ ಮೆವಲೊನೇಟ್‌ನ ತಯಾರಿಕೆಯನ್ನೇ ತಡೆಯುತ್ತದೆ, ಮತ್ತು ಮೆವಲೊನೇಟ್‌ನಿಂದ ಕೊಲೆಸ್ಟ್ರಾಲ್ ಮಾತ್ರ ಹುಟ್ಟುವುದಿಲ್ಲ. ರಾಸ್, ರೋ ಮೊದಲಾದ ಪ್ರೋಟೀನುಗಳನ್ನು ಪೊರೆಗೆ ಕಟ್ಟಿಹಾಕುವ ಫಾರ್ನಿಸಿಲ್, ಜೆರಾನಿಲ್‌ಜೆರಾನಿಲ್ ಬಾಲಗಳೂ ಅಲ್ಲಿಂದಲೇ ಬರುತ್ತವೆ. ಎನ್‌ಜಿಎಫ್‌ನ ಸುದ್ದಿ ಸಾಗುವುದೇ ರಾಸ್ ಮೂಲಕ. ಸ್ಟ್ಯಾಟಿನ್ ಹಾಕಿದಾಗ ಎಳೆ ಬರಲಿಲ್ಲವೆಂದರೆ ಇಟ್ಟಿಗೆ ಸಿಗಲಿಲ್ಲವೋ, ಮೇಸ್ತ್ರಿಗೇ ಸುದ್ದಿ ತಲುಪಲಿಲ್ಲವೋ? ರೋ ಕುಗ್ಗಿದರೆ ಎಳೆ ಹೆಚ್ಚುವುದೂ ಉಂಟು. ಆಗ ಫಲಿತಾಂಶ ತಲೆಕೆಳಗು.

ಆದ್ದರಿಂದ ಮರಳಿಸಿ ನೋಡಿ. ಒಂದು ಗುಂಪಿಗೆ ಮೆವಲೊನೇಟ್, ಒಂದಕ್ಕೆ ಎಲ್‌ಡಿಎಲ್, ಒಂದಕ್ಕೆ ಜೆರಾನಿಲ್‌ಜೆರಾನಿಯಾಲ್. ಎಲ್‌ಡಿಎಲ್ ಕೊಟ್ಟು ಸರಿಹೋದರೆ ಕೊರತೆ ಕೊಲೆಸ್ಟ್ರಾಲ್‌ನದ್ದೇ. ಇನ್ನೂ ಶುಚಿಯಾದ ದಾರಿ ಸ್ಕ್ವಾಲೀನ್ ಸಿಂಥೇಸ್ ಅನ್ನು ತಡೆಯುವ ಜರಗೋಜಿಕ್ ಆಮ್ಲ. ಅದು ಕವಲೊಡೆದ ನಂತರ ಕೊಲೆಸ್ಟ್ರಾಲ್ ಕಡೆಗೆ ಹೋಗುವ ಹಾದಿಯನ್ನು ಮಾತ್ರ ಮುಚ್ಚುತ್ತದೆ. ಎನ್‌ಜಿಎಫ್ ಮೇಲೆ ಬದುಕುವ ಸಿಂಪಥೆಟಿಕ್ ನರಕೋಶಗಳನ್ನು ಕೋಣೆ ಮಾಡಿದ ತಟ್ಟೆಯಲ್ಲಿ ಬೆಳೆಸಿದವರು ಕಂಡದ್ದೂ ಹೀಗೆಯೇ: ಕೊಲೆಸ್ಟ್ರಾಲ್ ತಯಾರಾಗುವುದು ಕೋಶದ ದೇಹದಲ್ಲಿ, ತಯಾರಿಕೆ ನಿಲ್ಲಿಸಿದಾಗ ಕುಂಟಿದ ಆಕ್ಸಾನ್, ಹೊರಗಿನಿಂದ ಲಿಪೋಪ್ರೋಟೀನು ಕೊಟ್ಟಾಗ ಮತ್ತೆ ಬೆಳೆಯುತ್ತದೆ.

ಚಯಾಪಚಯದ ಕೊಂಡಿ

ಒಂದು ಕೊಲೆಸ್ಟ್ರಾಲ್ ಅಣುವಿಗೆ 18 ಅಸಿಟೈಲ್-ಕೋಎ ಬೇಕು. ಅದು ಬರುವ ಮುಖ್ಯ ದಾರಿ: ಗ್ಲೂಕೋಸ್, ಮೈಟೊಕಾಂಡ್ರಿಯದೊಳಗೆ ಸಿಟ್ರೇಟ್, ಹೊರಬಂದ ಸಿಟ್ರೇಟ್ ಅನ್ನು ಒಡೆಯುವ ಎಟಿಪಿ-ಸಿಟ್ರೇಟ್ ಲಯೇಸ್. ಈ ಲಯೇಸ್‌ಗೆ ಎಕೆಟಿ ಫಾಸ್ಫೇಟ್ ಹಚ್ಚುತ್ತದೆ, ಎಕೆಟಿಯನ್ನು ಟ್ರ್ಕ್‌ಎ ಎಬ್ಬಿಸುತ್ತದೆ. ಹೀಗೆ ಗ್ಲೂಕೋಸ್ ಮತ್ತು ಕೊಲೆಸ್ಟ್ರಾಲ್ ಒಂದೇ ದಾರದಲ್ಲಿವೆ. ಚಯಾಪಚಯವನ್ನು ನೋಡಲು, ಆಮ್ಲಜನಕದ ಬಳಕೆ ಅಳೆಯುವ ಸೀಹಾರ್ಸ್ ಯಂತ್ರದಲ್ಲಿ ಒಲಿಗೊಮೈಸಿನ್, ಎಫ್‌ಸಿಸಿಪಿ, ಕೊನೆಗೆ ರೋಟೆನೋನ್ ಜೊತೆ ಆಂಟಿಮೈಸಿನ್ ಎಂಬ ರಾಸಾಯನಿಕಗಳ ಎಂದಿನ ಕ್ರಮವೇ ಸಾಕು. ತಟ್ಟೆಗೆ ಕೊಲಾಜನ್ ಬಳಿಯದಿದ್ದರೆ ಯಂತ್ರ ಕಲಕುವಾಗ ಕೋಶಗಳು ಎದ್ದುಹೋಗುತ್ತವೆ. ಕೋಶಗಳ ಸಂಖ್ಯೆಗೆ ಎಂಟಿಟಿ ಎಂಬ ಬಣ್ಣದ ಪರೀಕ್ಷೆ ಬಳಸಬೇಡಿ. ಅದು ಅಳೆಯುವುದೇ ಚಯಾಪಚಯದ ಚಟುವಟಿಕೆಯನ್ನು. ಅದರಿಂದ ಭಾಗಿಸಿದರೆ ಹುಡುಕುತ್ತಿರುವುದನ್ನೇ ಹೊಡೆದುಹಾಕಿದಂತೆ.

ಯಾವ ಬಾಗಿಲು ಎಂದು ತಿಳಿಯಲು ಜಿಡಬ್ಲ್ಯು441756 ಅಥವಾ ಕೆ252ಎ ಎಂಬ ತಡೆಗಳಲ್ಲೊಂದನ್ನು ಹಾಕಿ ಟ್ರ್ಕ್‌ಎ ಮುಚ್ಚಿ. ಎರಡನೆಯದು ಬೇರೆ ಕಿಣ್ವಗಳನ್ನೂ ತಡೆಯುತ್ತದೆ. ಸಾಧ್ಯವಾದರೆ ಪಿಸಿ12 ಎನ್‌ಎನ್‌ಆರ್5 ಎಂಬ ರೂಪಾಂತರ ಕೋಶಗಳನ್ನು ತರಿಸಿಕೊಳ್ಳಿ. ಅವುಗಳಲ್ಲಿ ಟ್ರ್ಕ್‌ಎ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ, ಪಿ75 ಇದೆ. ಅಲ್ಲಿಯೂ ಎನ್‌ಜಿಎಫ್ ಎಲ್‌ಡಿಎಲ್ ಗ್ರಾಹಕವನ್ನು ಏರಿಸಿದರೆ ಸಂಶಯ ಪಿ75 ಮೇಲೆ.

ಪರಿಚಯದವರು ಕೇಳುವುದುಂಟು, ಇದರಿಂದ ರಕ್ತದ ಕೊಲೆಸ್ಟ್ರಾಲ್‌ಗೆ ಏನು ಎಂದು. ಸದ್ಯಕ್ಕೆ ಏನೂ ಇಲ್ಲ. ದೇಹದ ತೂಕದಲ್ಲಿ ಸುಮಾರು 2 ಶೇಕಡಾ ಇರುವ ಮಿದುಳು ದೇಹದ ಕೊಲೆಸ್ಟ್ರಾಲ್‌ನಲ್ಲಿ ಐದನೆಯ ಒಂದು ಪಾಲಿಗೂ ಹೆಚ್ಚನ್ನು ಇಟ್ಟುಕೊಂಡಿದೆ, ಅದನ್ನು ಅಲ್ಲೇ ತಯಾರಿಸಿಕೊಳ್ಳುತ್ತದೆ. ರಕ್ತದ ಎಲ್‌ಡಿಎಲ್ ಒಳಗೆ ಬರುವುದಿಲ್ಲ. ತಟ್ಟೆಯ ಫಲಿತಾಂಶವನ್ನು ಯಾರದೋ ರಕ್ತ ಪರೀಕ್ಷೆಯ ಚೀಟಿಗೆ ಅಂಟಿಸಬೇಡಿ.

ಮೊದಲ ಪ್ರಯೋಗಕ್ಕೆ 24 ಗುಳಿಯ ಒಂದು ತಟ್ಟೆ ಸಾಕು. ಲಿಪೋಪ್ರೋಟೀನು ತೆಗೆದ ಸೀರಮ್‌ನಲ್ಲಿ ನಾಲ್ಕು ಗುಂಪುಗಳು: ಏನೂ ಇಲ್ಲದ್ದು, ಎನ್‌ಜಿಎಫ್, ಇಜಿಎಫ್, ಎನ್‌ಜಿಎಫ್ ಜೊತೆ ಟ್ರ್ಕ್‌ಎ ತಡೆ. ಪ್ರತಿ ಗುಂಪಿಗೂ ಆರು ಗುಳಿಗಳು, ಮೂರು ಲಿಪಿಡ್ ಮತ್ತು ಪ್ರೋಟೀನಿಗೆ, ಮೂರು ಡಿಎನ್‌ಎಗೆ. ಇಡೀ ಪ್ರಯೋಗವನ್ನು ಬೇರೆ ಬೇರೆ ವಾರಗಳಲ್ಲಿ ಮೂರು ಸಲ ಮಾಡಿ. ಒಂದೇ ತಟ್ಟೆಯ ಮೂರು ಗುಳಿಗಳು ಮೂರು ಪ್ರಯೋಗಗಳಲ್ಲ. ಕೊನೆಯ ದಿನ ಮಾಧ್ಯಮ ತೆಗೆಯುವ ಮುನ್ನ ಪ್ರತಿ ಗುಳಿಯ ಚಿತ್ರ ತೆಗೆದಿಟ್ಟುಕೊಳ್ಳಿ. ಹೆಕ್ಸೇನ್ ಸುರಿದ ಮೇಲೆ ಎಳೆಗಳು ನೋಡಲು ಸಿಗುವುದಿಲ್ಲ.